ಕಡಲು ಬಿಟ್ಟುಹೋದ ಕಡಲೂರುಗಳು: ಪ್ರಿಯೆನೆ, ಮಿಲೆಟಸ್, ಡಿಡಿಮಾಕ್ಕೆ ಒಂದು ದಿನ

ಪ್ರಶ್ನೆ: ಸೆಪ್ಟೆಂಬರ್ ಕೊನೆಯಲ್ಲಿ ನಾವು ಐವರು ಟರ್ಕಿಗೆ ಹೊರಟಿದ್ದೇವೆ. ನಾನು, ಪತಿ, ಒಂಬತ್ತು ವರ್ಷದ ಮಗಳು, ಎಪ್ಪತ್ತರ ಆಸುಪಾಸಿನ ಅತ್ತೆ ಮತ್ತು ಮಾವ. ಕುಶಾದಾಸಿಯಲ್ಲಿ ಮೂರು ರಾತ್ರಿ ತಂಗುತ್ತೇವೆ. ಒಂದು ದಿನ ಎಫೆಸಸ್‌ಗೆ ಇಟ್ಟಿದ್ದೇವೆ. ಇನ್ನೊಂದು ದಿನಕ್ಕೆ 'ಪ್ರಾಚೀನ ಕರಾವಳಿ ಪಟ್ಟಣಗಳು' ಎಂಬ ಹೆಸರಿನಲ್ಲಿ ಪ್ರಿಯೆನೆ, ಮಿಲೆಟಸ್, ಡಿಡಿಮಾ ಮೂರನ್ನೂ ತೋರಿಸುವ ಪ್ರವಾಸವೊಂದನ್ನು ಏಜೆಂಟರು ಸೂಚಿಸಿದ್ದಾರೆ. ನಕ್ಷೆ ನೋಡಿದರೆ ಇವುಗಳಲ್ಲಿ ಒಂದೂ ಕಡಲ ದಡದಲ್ಲಿಲ್ಲ. ಈ ದಿನ ಸಾರ್ಥಕವೇ? ಮಾರ್ಗದರ್ಶಿ ಬೇಕೇ, ಅಥವಾ ಕಾರು ಬಾಡಿಗೆಗೆ ಪಡೆದು ನಾವೇ ಹೋಗಬಹುದೇ? ಹಿರಿಯರಿಗೆ ನಡೆಯಲು ಆಗುತ್ತದೆಯೇ? ನಾವು ಸಸ್ಯಾಹಾರಿಗಳು. ಮಗಳದು ಒಂದೇ ಬೇಡಿಕೆ, ಕಡಲು. (ಮೈಸೂರಿನ ಓದುಗರೊಬ್ಬರು)

ಉತ್ತರ: ನಕ್ಷೆ ನೋಡಿ ಅನುಮಾನಪಟ್ಟಿರಲ್ಲ, ಅದು ಸರಿಯಾದ ಅನುಮಾನ. ನಿಮ್ಮ ಏಜೆಂಟರು ಸುಳ್ಳು ಹೇಳಿಲ್ಲ, ಎರಡು ಸಾವಿರ ವರ್ಷ ತಡವಾಗಿ ನಿಜ ಹೇಳಿದ್ದಾರೆ ಅಷ್ಟೇ. ಪ್ರಿಯೆನೆಗೂ ಮಿಲೆಟಸ್‌ಗೂ ನಡುವೆ ಇಂದು ನೀವು ವ್ಯಾನಿನಲ್ಲಿ ಕುಳಿತು ದಾಟುವ ಹತ್ತಿಯ ಹೊಲಗಳೆಲ್ಲ ಒಂದು ಕಾಲಕ್ಕೆ ಕೊಲ್ಲಿಯ ನೀರು. ಎರಡೂ ಊರುಗಳು ಆ ಕೊಲ್ಲಿಯ ಎದುರುಬದುರು ದಡಗಳಲ್ಲಿದ್ದವು, ಒಂದರಿಂದ ಇನ್ನೊಂದಕ್ಕೆ ದೋಣಿಯಲ್ಲಿ ಹೋಗುತ್ತಿದ್ದರು. ಈಗ ಮಿಲೆಟಸ್‌ನಿಂದ ಕಡಲು ಎಂಟು ಹತ್ತು ಕಿಲೋಮೀಟರ್ ದೂರ, ಪ್ರಿಯೆನೆಯಿಂದ ಅದಕ್ಕಿಂತಲೂ ಹೆಚ್ಚು.

ಇದನ್ನೆಲ್ಲ ಮಾಡಿದ್ದು ಒಂದು ನದಿ. ಇಂದು ಅದನ್ನು ಬುಯುಕ್ ಮೆಂಡೆರೆಸ್ ಎನ್ನುತ್ತಾರೆ, ಗ್ರೀಕರು ಮೈಯಾಂಡ್ರೋಸ್ ಎನ್ನುತ್ತಿದ್ದರು. ಶಾಲೆಯ ಭೂಗೋಳದಲ್ಲಿ ನದಿಯ ಅಂಕುಡೊಂಕು ತಿರುವುಗಳಿಗೆ 'ಮಿಯಾಂಡರ್' ಎಂಬ ಹೆಸರು ಓದಿದ್ದೀರಲ್ಲ, ಆ ಹೆಸರು ಈ ನದಿಯದೇ. ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿದು, ಮೇಲಿನ ಬೆಟ್ಟಗಳ ಮಣ್ಣನ್ನೆಲ್ಲ ಹೊತ್ತು ತಂದು ಕೊಲ್ಲಿಗೆ ಸುರಿಯಿತು. ಮೇಲ್ಭಾಗದಲ್ಲಿ ಕಾಡು ಕಡಿದು ಉಳುಮೆ ಮಾಡಿದಷ್ಟೂ ಹೂಳು ಹೆಚ್ಚಿತು. ಕ್ರಿಸ್ತಶಕದ ಆರಂಭದ ಹೊತ್ತಿಗೆ ಬರೆದ ಭೂಗೋಳಕಾರ ಸ್ಟ್ರಾಬೊ, ಪ್ರಿಯೆನೆ ಹಿಂದೆ ಕಡಲ ಮೇಲೆಯೇ ಇತ್ತು, ಈಗ 40 ಸ್ಟೇಡಿಯಾ ಒಳಗೆ ಉಳಿದಿದೆ ಎಂದು ದಾಖಲಿಸಿದ್ದಾನೆ. ನಮ್ಮ ಅಳತೆಯಲ್ಲಿ ಅದು ಸುಮಾರು ಏಳೂವರೆ ಕಿಲೋಮೀಟರ್. ಇದೇ ಸ್ಟ್ರಾಬೊ ಹೇಳುವ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ನದಿ ಪಾತ್ರ ಬದಲಿಸಿ ಜಮೀನಿನ ಗಡಿಯನ್ನು ಕೆಡಿಸಿದರೆ ಜನ ನದಿಯ ಮೇಲೆಯೇ ದಾವೆ ಹೂಡುತ್ತಿದ್ದರಂತೆ. ನದಿ ಸೋತರೆ ದಂಡವನ್ನು ದೋಣಿಗಟ್ಟೆಗಳ ಸುಂಕದಿಂದ ಕಟ್ಟುತ್ತಿದ್ದರಂತೆ. ಒತ್ತುವರಿ ಮಾಡಿದವರು ದಂಡ ತೆತ್ತ ಇಂಥ ಪ್ರಕರಣ ಇಂದಿನ ಕಂದಾಯ ಇಲಾಖೆಯವರಿಗೂ ಅಪರೂಪ ಎನಿಸಬಹುದು.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ಸಾರ್ಥಕ, ಆದರೆ ಒಂದು ಷರತ್ತಿನ ಮೇಲೆ. ಇಲ್ಲದ ಕಡಲನ್ನು ನಿಮ್ಮ ಕಣ್ಣಿಗೆ ಕಟ್ಟಿಕೊಡುವವರೊಬ್ಬರು ಜೊತೆಗಿರಬೇಕು. ಎಫೆಸಸ್‌ನಲ್ಲಿ ಮಾರ್ಗದರ್ಶಿ ಇಲ್ಲದಿದ್ದರೂ ನಡೆದೀತು. ಅಲ್ಲಿ ಗ್ರಂಥಾಲಯದ ಮುಂಭಾಗ, ಅಮೃತಶಿಲೆಯ ಬೀದಿ, ಎಲ್ಲವೂ ತಾವೇ ಮಾತನಾಡುತ್ತವೆ, ಜನಜಂಗುಳಿಯೂ ದಾರಿ ತೋರಿಸುತ್ತದೆ. ಮಿಲೆಟಸ್‌ನಲ್ಲಿ ಹಾಗಲ್ಲ. ರಂಗಮಂದಿರ ನೋಡಿ ಹತ್ತು ಫೋಟೊ ತೆಗೆದು, ಮುಂದೆ ಕಾಣುವ ಜೌಗು ಹುಲ್ಲುಗಾವಲನ್ನು ನೋಡಿ 'ಇಷ್ಟೇನಾ' ಎಂದು ಹಿಂದಿರುಗಿದವರನ್ನು ನಾನು ಬಹಳ ಕಂಡಿದ್ದೇನೆ. ಆ ಹುಲ್ಲುಗಾವಲೇ ಬಂದರು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕಾರು ಬಾಡಿಗೆಗೆ ಸಿಗುತ್ತದೆ, ರಸ್ತೆಗಳೂ ಚೆನ್ನಾಗಿವೆ. ಆದರೆ ಬಲಬದಿಯ ಚಾಲನೆ, ಜೊತೆಗೆ ಇಬ್ಬರು ಹಿರಿಯರು, ಒಂದು ಮಗು. ನಿಮ್ಮ ಪತಿ ದಿನವಿಡೀ ರಸ್ತೆಯನ್ನೇ ನೋಡುತ್ತಾರೆ. ಐವರಿದ್ದೀರಿ, ನಿಮ್ಮದೇ ಒಂದು ವ್ಯಾನು ಮತ್ತು ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡರೆ ತಲೆಗೆ ಬೀಳುವ ಖರ್ಚು ಗುಂಪು ಪ್ರವಾಸಕ್ಕಿಂತ ವಿಪರೀತ ಹೆಚ್ಚಾಗುವುದಿಲ್ಲ. ಟರ್ಕಿಯಲ್ಲಿ ಸ್ಮಾರಕಗಳ ಒಳಗೆ ವಿವರಣೆ ಕೊಡುವ ಹಕ್ಕು ಪರವಾನಗಿ ಪಡೆದ ಮಾರ್ಗದರ್ಶಿಗಳಿಗೆ ಮಾತ್ರ. ಅವರ ಕೊರಳಲ್ಲಿ 'ಕೋಕಾರ್ತ್' ಎಂಬ ಗುರುತಿನ ಬಿಲ್ಲೆ ತೂಗುತ್ತಿರುತ್ತದೆ. 'ನಮ್ಮ ಚಾಲಕನೇ ಎಲ್ಲ ವಿವರಿಸುತ್ತಾನೆ' ಎಂದು ಯಾರಾದರೂ ಹೇಳಿದರೆ ಅವನ ವಿವರಣೆ ಗೇಟಿನ ಬಳಿ ನಿಲ್ಲುತ್ತದೆ ಎಂದು ತಿಳಿಯಿರಿ.

ಏಜೆಂಟರಿಗೆ ಹಣ ಕಟ್ಟುವ ಮುನ್ನ ಅಂಗಡಿ ಭೇಟಿಗಳಿವೆಯೇ ಎಂದು ನೇರವಾಗಿ ಕೇಳಿ, ಇಲ್ಲ ಎಂಬುದನ್ನು ಬರಹದಲ್ಲಿ ಪಡೆಯಿರಿ. ನಾನು ಮೊದಲ ಸಲ ಹೋದಾಗ ಅಗ್ಗದ ಗುಂಪು ಪ್ರವಾಸಕ್ಕೆ ಸೇರಿ, ಚರ್ಮದ ಜಾಕೆಟ್ಟುಗಳ ಅಂಗಡಿಯೊಂದರಲ್ಲಿ ಮುಕ್ಕಾಲು ಗಂಟೆ ಸೇಬಿನ ಚಹಾ ಕುಡಿಯುತ್ತ ಕುಳಿತಿದ್ದೆ. ಆ ಮುಕ್ಕಾಲು ಗಂಟೆಯನ್ನು ಮಿಲೆಟಸ್‌ನಿಂದ ಕಡಿತ ಮಾಡಿದರು. ಇನ್ನು ಮಾರ್ಗದರ್ಶಿಯನ್ನು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: 'ಲಾಡೆ ತೋರಿಸುತ್ತೀರಾ?' ಅವರ ಮುಖ ಅರಳಿದರೆ ಸರಿಯಾದವರು ಸಿಕ್ಕಿದ್ದಾರೆ. ಲಾಡೆ ಏನೆಂಬುದಕ್ಕೆ ಮುಂದೆ ಬರುತ್ತೇನೆ.

ಸುತ್ತುವ ಕ್ರಮ ಮುಖ್ಯ. ಬೆಳಗ್ಗೆ ಪ್ರಿಯೆನೆ, ನಂತರ ಮಿಲೆಟಸ್, ಕೊನೆಗೆ ಡಿಡಿಮಾ. ಕೆಲವರು ತಿರುಗಿಸಿ ಮಾಡುತ್ತಾರೆ. ಅದು ಎರಡು ಕಾರಣಕ್ಕೆ ತಪ್ಪು. ಪ್ರಿಯೆನೆಗೆ ಏರುದಾರಿ ಇದೆ, ಬಿಸಿಲೇರುವ ಮೊದಲೇ ಹತ್ತಬೇಕು. ಡಿಡಿಮಾದ ದೈತ್ಯ ಕಂಬಗಳನ್ನು ನೋಡಿದ ಕಣ್ಣಿಗೆ ಪ್ರಿಯೆನೆ ಪುಟ್ಟದಾಗಿ, ಸಪ್ಪೆಯಾಗಿ ಕಾಣುತ್ತದೆ. ಅದು ಪ್ರಿಯೆನೆಗೆ ಮಾಡುವ ಅನ್ಯಾಯ.

ಕುಶಾದಾಸಿಯಿಂದ ಸೋಕೆ ಎಂಬ ಊರಿನ ಮೂಲಕ ಒಂದು ಗಂಟೆಯೊಳಗೆ ಪ್ರಿಯೆನೆಯ ಕೆಳಗಿನ ಊರಾದ ಗುಲ್ಲುಬಾಹ್ಚೆ ತಲುಪುತ್ತೀರಿ. ಮಿಕಾಲೆ ಬೆಟ್ಟದ ಕಡಿದಾದ ಬಂಡೆಯ ಕೆಳಗೆ, ಪೈನ್ ಮರಗಳ ನಡುವೆ ಪ್ರಿಯೆನೆ ಇದೆ. ವಾಹನ ನಿಲ್ಲುವಲ್ಲಿಂದ ಮೇಲಕ್ಕೆ ಹತ್ತು ಹದಿನೈದು ನಿಮಿಷದ ಕಲ್ಲುದಾರಿ. ಮಂಡಿ ನೋವಿದ್ದವರಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟ, ಏಕೆಂದರೆ ಪ್ರಾಚೀನ ಬೀದಿಯ ಚಪ್ಪಡಿಗಳು ಸವೆದು ನುಣುಪಾಗಿವೆ. ನಿಮ್ಮ ಅತ್ತೆ ಮಾವನಿಗೆ ಊರುಗೋಲಿನ ಅಭ್ಯಾಸವಿದ್ದರೆ ತನ್ನಿ. ಆಗುವುದಿಲ್ಲ ಎನಿಸಿದರೆ ಕೆಳಗಿನ ಊರಿನಲ್ಲಿ ಚಹಾ ಕುಡಿಯುತ್ತ ಕೂರಬಹುದು. ಮೂರರಲ್ಲಿ ಹಿರಿಯರು ಬಿಡಬೇಕಾದದ್ದು ಒಂದಿದ್ದರೆ ಅದು ಇದೇ.

ಹತ್ತಿದವರಿಗೆ ಸಿಗುವುದು ಒಂದು ಇಡೀ ಗ್ರೀಕ್ ಊರು. ಕ್ರಿ.ಪೂ. 4ನೆಯ ಶತಮಾನದ ನಡುವೆ ಹೊಸದಾಗಿ, ಯೋಜನೆ ಮಾಡಿ ಕಟ್ಟಿದ ಊರು. ಬೆಟ್ಟದ ಇಳಿಜಾರಿನಲ್ಲೂ ಬೀದಿಗಳು ಹಟ ಹಿಡಿದವರಂತೆ ನೇರವಾಗಿ, ಚದುರಂಗದ ಮಣೆಯ ಹಾಗೆ ಒಂದನ್ನೊಂದು ಕತ್ತರಿಸುತ್ತವೆ. ಕಡಲು ದೂರವಾದ ಮೇಲೆ ರೋಮನ್ನರು ಇದರ ಮೇಲೆ ಹೆಚ್ಚು ಹಣ ಸುರಿಯಲಿಲ್ಲ, ಹಾಗಾಗಿ ಗ್ರೀಕರು ಕಟ್ಟಿದ್ದು ಬಹುಪಾಲು ಹಾಗೆಯೇ ಉಳಿಯಿತು. ಬಡತನವೂ ಕೆಲವೊಮ್ಮೆ ಒಳ್ಳೆಯ ಸಂರಕ್ಷಕ. ಅಥೇನಾ ದೇಗುಲವನ್ನು ವಿನ್ಯಾಸ ಮಾಡಿದವನು ಪಿಥಿಯೊಸ್. ಹಾಲಿಕಾರ್ನಾಸಸ್‌ನ ಪ್ರಸಿದ್ಧ ಸಮಾಧಿಭವನಕ್ಕೂ ಅವನ ಹೆಸರು ಅಂಟಿಕೊಂಡಿದೆ. ದೇಗುಲಕ್ಕೆ ಹಣ ಕೊಟ್ಟವನು ಅಲೆಕ್ಸಾಂಡರ್. ಅವನು ಅರ್ಪಿಸಿದ್ದೆಂದು ಹೇಳುವ ಶಾಸನದ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸ್ಥಳದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ ಐದು ಕಂಬಗಳಿವೆ. ರಂಗಮಂದಿರದ ಮುಂದಿನ ಸಾಲಿನಲ್ಲಿ ಸಿಂಹದ ಪಂಜಗಳುಳ್ಳ ಅಮೃತಶಿಲೆಯ ಗಣ್ಯರ ಆಸನಗಳಿವೆ. ಮಗಳನ್ನು ಅಲ್ಲಿ ಕೂರಿಸದೆ ಯಾರೂ ಬಂದದ್ದಿಲ್ಲ. ಆದರೆ ನೀವು ಮರೆಯದೆ ಮಾಡಬೇಕಾದದ್ದು, ದೇಗುಲದ ಜಗಲಿಯ ಅಂಚಿಗೆ ಬಂದು ದಕ್ಷಿಣಕ್ಕೆ ನಿಂತು ನೋಡುವುದು. ಕೆಳಗೆ ಚಪ್ಪಟೆಯಾದ ಹಸಿರು ಬಯಲು, ದೂರದಲ್ಲಿ ಮಿಲೆಟಸ್‌ನ ಗುಡ್ಡ. ಆ ಬಯಲಿಗೆ ಮನಸ್ಸಿನಲ್ಲಿ ನೀಲಿ ಬಣ್ಣ ತುಂಬಿ. ದಿನದ ಉಳಿದದ್ದೆಲ್ಲ ಆಮೇಲೆ ಅರ್ಥವಾಗುತ್ತ ಹೋಗುತ್ತದೆ.

ಅಲ್ಲಿಂದ ಮಿಲೆಟಸ್‌ಗೆ ಸುಮಾರು 20 ಕಿಲೋಮೀಟರ್. ದಾರಿಯಲ್ಲಿ ಒಂದು ಸೇತುವೆ, ಅದರ ಕೆಳಗೆ ಮಣ್ಣಿನ ಬಣ್ಣದ, ಯಾರ ಗಮನವನ್ನೂ ಸೆಳೆಯದ ನದಿ. ಅದೇ ಮೆಂಡೆರೆಸ್. ಚಾಲಕನಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿರುತ್ತೀರಿ.

ಮಿಲೆಟಸ್‌ಗೆ ಕನಿಷ್ಠ ಒಂದೂವರೆ ಗಂಟೆ ಕೊಡಿ. ಇದು ಸಣ್ಣ ಊರಲ್ಲ. ತೊಂಬತ್ತಕ್ಕೂ ಹೆಚ್ಚು ಊರುಗಳ ತಾಯಿ ಎಂದು ರೋಮನ್ ಲೇಖಕ ಪ್ಲಿನಿ ಇದನ್ನು ಕರೆದಿದ್ದಾನೆ. ಕಪ್ಪು ಸಮುದ್ರದ ಸುತ್ತಲೂ ಇಲ್ಲಿನವರು ವಲಸೆ ಹೋಗಿ ಊರು ಕಟ್ಟಿದರು. ಹತ್ತನೆಯ ತರಗತಿಯ ಗಣಿತದಲ್ಲಿ ನಾವೆಲ್ಲ ತಲೆ ಕೆರೆದುಕೊಂಡು ಸಾಧಿಸಿದ ಥೇಲ್ಸ್‌ನ ಪ್ರಮೇಯದ ಥೇಲ್ಸ್ ಈ ಊರಿನವನು. ಜಗತ್ತಿನ ನಕ್ಷೆ ಬರೆದ ಅನಾಕ್ಸಿಮಾಂಡರ್ ಈ ಊರಿನವನು. ಚೌಕುಳಿ ಬೀದಿಗಳ ನಗರಯೋಜನೆಗೆ ಹೆಸರಾದ ಹಿಪ್ಪೊಡಾಮಸ್, ಮುಂದೆ ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಇಸಿಡೋರ್, ಇವರೂ ಇಲ್ಲಿಯವರೇ. ಥೇಲ್ಸ್‌ನ ಬಗ್ಗೆ ಅರಿಸ್ಟಾಟಲ್ ಒಂದು ಕತೆ ಹೇಳುತ್ತಾನೆ. ತತ್ವಜ್ಞಾನದಿಂದ ಹೊಟ್ಟೆ ತುಂಬುವುದಿಲ್ಲ ಎಂದು ಜನ ಹಂಗಿಸಿದಾಗ, ಥೇಲ್ಸ್ ಆಕಾಶ ನೋಡಿ ಮುಂದಿನ ವರ್ಷ ಆಲಿವ್ ಬೆಳೆ ಭರ್ಜರಿ ಎಂದು ಅಂದಾಜಿಸಿದ. ಚಳಿಗಾಲದಲ್ಲೇ ಮಿಲೆಟಸ್ ಮತ್ತು ಕಿಯೋಸ್‌ನ ಎಣ್ಣೆಗಾಣಗಳನ್ನೆಲ್ಲ ಅಗ್ಗದ ಮುಂಗಡಕ್ಕೆ ಹಿಡಿದಿಟ್ಟ. ಸುಗ್ಗಿ ಬಂದಾಗ ತಾನು ಹೇಳಿದ ದರಕ್ಕೆ ಬಾಡಿಗೆಗೆ ಬಿಟ್ಟು ಹಣ ಮಾಡಿದ. ಈ ಕತೆಯನ್ನು ನಿಮ್ಮ ಮಾವನಿಗೆ ಹೇಳಿ, ಗಣಿತಕ್ಕಿಂತ ಇದು ಹೆಚ್ಚು ರುಚಿಸುತ್ತದೆ.

ಇನ್ನೊಂದು ನಂಟೂ ಇದೆ. ಈ ಕರಾವಳಿಯ ಹೆಸರು ಅಯೋನಿಯಾ. ಪರ್ಷಿಯನ್ನರ ಬಾಯಲ್ಲಿ ಅದು 'ಯೌನ' ಆಯಿತು, ನಮ್ಮಲ್ಲಿ 'ಯವನ' ಆಯಿತು. ನಮ್ಮ ಹಳೆಯ ಗ್ರಂಥಗಳಲ್ಲಿ ಯವನರೆಂದು ಓದುವಾಗಲೆಲ್ಲ ಆ ಪದದ ಬೇರು ಇರುವುದು ಈ ಮಣ್ಣಿನಲ್ಲಿ.

ಈಗ ಲಾಡೆ. ರೋಮನ್ನರ ಕಾಲದಲ್ಲಿ 15,000 ಜನ ಕೂರುತ್ತಿದ್ದ ರಂಗಮಂದಿರದ ಮೇಲ್ತುದಿಗೆ ಹತ್ತಿ. ಮೆಟ್ಟಿಲು ಎತ್ತರವಿದೆ, ಹಿರಿಯರು ಕೆಳಗಿನ ಸಾಲಿನಲ್ಲೇ ಕೂರಲಿ. ಮೇಲಿನಿಂದ ಪಶ್ಚಿಮಕ್ಕೆ ನೋಡಿದರೆ ಹೊಲಗಳ ನಡುವೆ ಒಂದು ತಗ್ಗು ದಿಬ್ಬ ಕಾಣುತ್ತದೆ. ಕುರಿ ಮೇಯಿಸಲು ಹೇಳಿ ಮಾಡಿಸಿದಂಥ ದಿಬ್ಬ. ಅದು ಲಾಡೆ ದ್ವೀಪ. ಕ್ರಿ.ಪೂ. 494ರಲ್ಲಿ ಅದರ ಸುತ್ತ ನೌಕಾಯುದ್ಧ ನಡೆಯಿತು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕೊಡುವ ಲೆಕ್ಕದಂತೆ ಅಯೋನಿಯನ್ನರ ಹಡಗುಗಳು 353, ಪರ್ಷಿಯನ್ನರವು 600. ಅಯೋನಿಯನ್ನರು ಸೋತರು, ಮಿಲೆಟಸ್ ಲೂಟಿಯಾಯಿತು, ಜನರನ್ನು ಸೆರೆಹಿಡಿದು ಸಾಗಿಸಿದರು. ಅಥೆನ್ಸ್‌ನಲ್ಲಿ ಫ್ರಿನಿಕಸ್ ಎಂಬ ನಾಟಕಕಾರ ಈ ಪತನವನ್ನೇ ರಂಗಕ್ಕೆ ತಂದಾಗ ಪ್ರೇಕ್ಷಕರೆಲ್ಲ ಅತ್ತುಬಿಟ್ಟರು. ಸ್ವಂತ ದುಃಖವನ್ನು ನೆನಪಿಸಿದ ತಪ್ಪಿಗೆ ಅವನಿಗೆ ಸಾವಿರ ದ್ರಾಕ್ಮಾ ದಂಡ ಹಾಕಿ, ಆ ನಾಟಕವನ್ನು ಮತ್ತೆ ಆಡಬಾರದೆಂದು ನಿಷೇಧಿಸಿದರು. ಇಷ್ಟೆಲ್ಲ ಆದ ಜಾಗದಲ್ಲಿ ಈಗ ಟ್ರ್ಯಾಕ್ಟರ್ ಓಡಾಡುತ್ತದೆ.

ರಂಗಮಂದಿರದಿಂದ ಇಳಿದು ಸಿಂಹದ ಬಂದರಿನ ಕಡೆಗೆ ನಡೆಯಿರಿ. ಬಂದರಿನ ಬಾಯಿಯ ಎರಡೂ ಬದಿಗೆ ಒಂದೊಂದು ಅಮೃತಶಿಲೆಯ ಸಿಂಹವಿತ್ತು, ಅದಕ್ಕೇ ಆ ಹೆಸರು. ಬಹಳಷ್ಟು ಗುಂಪುಗಳು ಇಲ್ಲಿಗೆ ಬರುವುದೇ ಇಲ್ಲ. ಚಳಿಗಾಲದ ಮಳೆಯ ನಂತರ ಇಲ್ಲೆಲ್ಲ ನೀರು ನಿಂತು ಕಪ್ಪೆಗಳು ವಟಗುಟ್ಟುತ್ತಿರುತ್ತವೆ. ಸೆಪ್ಟೆಂಬರಿನಲ್ಲಿ ಒಣಗಿರುತ್ತದೆ, ಮುಳ್ಳು ಇರುತ್ತದೆ, ಪಾದ ಮುಚ್ಚುವ ಬೂಟು ಬೇಕು. ನೆರಳು ಕಡಿಮೆ, ಟೋಪಿ ಮರೆಯಬೇಡಿ. ಮಾರುಕಟ್ಟೆಯ ಮಹಾದ್ವಾರವನ್ನು ಹುಡುಕಬೇಡಿ. ಜರ್ಮನ್ನರು ಅದನ್ನು ಬರ್ಲಿನ್ನಿಗೆ ಒಯ್ದು ಪೆರ್ಗಮಾನ್ ಮ್ಯೂಸಿಯಂನಲ್ಲಿ ಜೋಡಿಸಿದ್ದಾರೆ. ಆ ಮ್ಯೂಸಿಯಂ ಕೂಡ ದುರಸ್ತಿಗಾಗಿ 2023ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಅದರ ಬದಲು 1404ರ ಇಲ್ಯಾಸ್ ಬೇ ಮಸೀದಿಗೆ ಹೋಗಿ. ಹಳೆಯ ಊರಿನ ಕಲ್ಲುಗಳನ್ನೇ ಬಳಸಿ ಕಟ್ಟಿದ ಪುಟ್ಟ, ಸೊಗಸಾದ ಕಟ್ಟಡ. ಬಂದರು ಮುಚ್ಚುತ್ತ ಬಂದ ಕಾಲದಲ್ಲೂ ಇಲ್ಲಿ ಬದುಕು ನಿಂತಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹಿರಿಯರು ಒಂದಿಷ್ಟು ತಂಪಾಗಿ ಕೂರುವುದಕ್ಕೂ ಒಳ್ಳೆಯ ಜಾಗ.

ಹೂಳು ತುಂಬಿದಾಗ ಊರು ಹೇಗೆ ಸಾಯುತ್ತದೆ ಎಂದು ಮಗಳು ಕೇಳಿದರೆ ಮಿಯೂಸ್ ಎಂಬ ನೆರೆಯ ಊರಿನ ಕತೆ ಹೇಳಿ. 2ನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ಬರೆದದ್ದು: ನದಿ ಕೊಲ್ಲಿಯ ಬಾಯಿ ಮುಚ್ಚಿದಾಗ ಒಳಗಿನ ನೀರು ಕೆರೆಯಾಯಿತು. ಉಪ್ಪುನೀರು ಸಿಹಿನೀರಾದ ಮೇಲೆ ಸೊಳ್ಳೆಗಳು ಎಷ್ಟು ಹೆಚ್ಚಿದವೆಂದರೆ ಜನ ತಡೆಯಲಾರದೆ, ದೇವರ ಮೂರ್ತಿಗಳನ್ನೂ ಎತ್ತಬಹುದಾದ ಎಲ್ಲವನ್ನೂ ಹೊತ್ತುಕೊಂಡು ಮಿಲೆಟಸ್‌ಗೆ ಬಂದುಬಿಟ್ಟರು. ತಾನು ಹೋದಾಗ ಡಯೋನಿಸಸ್‌ನ ಬಿಳಿಗಲ್ಲಿನ ದೇಗುಲವೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ ಎನ್ನುತ್ತಾನೆ. ಪರ್ಷಿಯನ್ನರು ಖಾಲಿ ಮಾಡಿಸಿದ ಮಿಲೆಟಸ್ ಮತ್ತೆ ಎದ್ದಿತು, ಸೊಳ್ಳೆಗಳು ಖಾಲಿ ಮಾಡಿಸಿದ ಮಿಯೂಸ್ ಏಳಲಿಲ್ಲ.

ಊಟಕ್ಕೆ ಡಿಡಿಮಾಗೇ ಹೋಗಿ, ಇನ್ನೊಂದು ಇಪ್ಪತ್ತು ಕಿಲೋಮೀಟರ್. ದೇಗುಲದ ಸುತ್ತಲೇ ಹೋಟೆಲುಗಳಿವೆ. ಸಸ್ಯಾಹಾರಿಗಳಿಗೆ ಏಜಿಯನ್ ಕರಾವಳಿ ಟರ್ಕಿಯ ಇತರ ಭಾಗಗಳಿಗಿಂತ ಒಳ್ಳೆಯದು. 'ಜೆಯ್ತಿನ್‌ಯಾಲಿ' ಎಂದು ಕೇಳಿದರೆ ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿದ ತರಕಾರಿಗಳು ಬರುತ್ತವೆ. ಗೊಜ್ಲೆಮೆ ಎಂದರೆ ತೆಳ್ಳಗೆ ಲಟ್ಟಿಸಿ ಹೆಂಚಿನ ಮೇಲೆ ಸುಟ್ಟ ರೊಟ್ಟಿ, ಒಳಗೆ ಪಾಲಕ್, ಆಲೂಗಡ್ಡೆ ಅಥವಾ ಚೀಸ್. ಮಗಳು ಇದನ್ನೇ ಎರಡು ಸಲ ತರಿಸಿಕೊಳ್ಳುತ್ತಾಳೆ. ಐರಾನ್ ನಮ್ಮ ಉಪ್ಪು ಮಜ್ಜಿಗೆಯೇ, ಒಗ್ಗರಣೆ ಇಲ್ಲ ಅಷ್ಟೇ. ಬೇಳೆಯ ಸೂಪು ಎಲ್ಲೆಡೆ ಸಿಗುತ್ತದೆ, ಆದರೆ ಮಾಂಸದ ರಸದಲ್ಲಿ ಕುದಿಸಿದ್ದೂ ಇರುತ್ತದೆ, 'ಎತ್ ಸುಯು' ಇದೆಯೇ ಎಂದು ಮಾರ್ಗದರ್ಶಿಯಿಂದ ಕೇಳಿಸಿ. 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಕೋಳಿ ಬರುವ ಸಾಧ್ಯತೆ ಇದೆ. ಕೋಳಿ, ಮೀನು ಎರಡನ್ನೂ ಹೆಸರಿಟ್ಟೇ ಬೇಡ ಎನ್ನಬೇಕು: ತಾವುಕ್, ಬಾಲಿಕ್.

ಡಿಡಿಮಾ ನಿಜಕ್ಕೂ ಪಟ್ಟಣವಲ್ಲ, ಏಜೆಂಟರ ಕರಪತ್ರದಲ್ಲಿ ತಪ್ಪಿರುವುದು ಇಲ್ಲಿ. ಅದು ಮಿಲೆಟಸ್‌ನವರ ಪುಣ್ಯಕ್ಷೇತ್ರ, ಗ್ರೀಕರ ದೇವರು ಅಪೊಲೊ ಕಣಿ ಹೇಳುತ್ತಿದ್ದ ಜಾಗ. ಮಿಲೆಟಸ್‌ನಿಂದ ಇಲ್ಲಿಗೆ ಮೆರವಣಿಗೆಯ ದಾರಿಯೇ ಇತ್ತು. ಹಳೆಯ ದೇಗುಲವನ್ನು ಪರ್ಷಿಯನ್ನರು ಸುಟ್ಟರು. ಅಲೆಕ್ಸಾಂಡರನ ಕಾಲದ ನಂತರ ಶುರುವಾದ ಹೊಸದಕ್ಕೆ 122 ಕಂಬಗಳ ಯೋಜನೆ, ಒಂದೊಂದೂ ಸುಮಾರು 20 ಮೀಟರ್ ಎತ್ತರ. ಶತಮಾನಗಳ ಕಾಲ ಕೆಲಸ ಸಾಗಿತು, ಮುಗಿಯಲೇ ಇಲ್ಲ. ಈಗ ಪೂರ್ಣ ಎತ್ತರದಲ್ಲಿ ನಿಂತಿರುವವು ಮೂರು. ಬಿದ್ದ ಕಂಬವೊಂದರ ಬಿಲ್ಲೆಗಳು ಓರೆಯಾಗಿ ಒರಗಿದ ನಾಣ್ಯಗಳ ಸಾಲಿನಂತೆ ಮಲಗಿವೆ.

ಎದುರಿನ ದೊಡ್ಡ ಬಾಗಿಲಿನ ಹೊಸ್ತಿಲನ್ನು ಗಮನಿಸಿ. ಅದರ ಎತ್ತರ ಸುಮಾರು ಒಂದೂವರೆ ಮೀಟರ್. ದಾಟುವುದಕ್ಕೆಂದು ಮಾಡಿದ್ದಲ್ಲ. ಒಳಗೆ ಇಳಿಯಲು ಎರಡೂ ಬದಿಗೆ ಕತ್ತಲೆಯ, ಇಳಿಜಾರಾದ ಸುರಂಗದಾರಿಗಳಿವೆ. ನೆಲ ಜಾರುತ್ತದೆ, ಹಿರಿಯರ ಕೈ ಹಿಡಿದುಕೊಳ್ಳಿ. ಹೊರಬಂದರೆ ಛಾವಣಿಯೇ ಇಲ್ಲದ ಅಂಗಳ, ಸುತ್ತ ಎತ್ತರದ ಗೋಡೆ. ಈ ಗೋಡೆಗಳ ಮೇಲೆ 1979ರಲ್ಲಿ ಲೋಥರ್ ಹಾಸೆಲ್‌ಬರ್ಗರ್ ಎಂಬ ವಿದ್ವಾಂಸ ಕೂದಲೆಳೆಯಂಥ ಗೀರುಗಳನ್ನು ಕಂಡ. ಅವು ಕಟ್ಟಿದವರ ಕೆಲಸದ ನಕಾಶೆಗಳು! ಕಂಬ ಎಲ್ಲಿ ಎಷ್ಟು ಉಬ್ಬಬೇಕೆಂಬ ರೇಖೆಯನ್ನು, ಅಗಲ ನಿಜವಾದ ಅಳತೆಯಲ್ಲೂ ಎತ್ತರ ಹದಿನಾರನೆಯ ಒಂದಂಶದಲ್ಲೂ ಬರುವಂತೆ ಗೋಡೆಯ ಮೇಲೆಯೇ ಗೀಚಿಕೊಂಡಿದ್ದರು. ಕೆಲಸ ಮುಗಿದಿದ್ದರೆ ಕೊನೆಯ ನುಣುಪಿನಲ್ಲಿ ಅವೆಲ್ಲ ಅಳಿಸಿಹೋಗುತ್ತಿದ್ದವು. ದೇಗುಲ ಅರ್ಧಕ್ಕೆ ನಿಂತದ್ದರಿಂದ ನಕಾಶೆ ನಮಗೆ ಸಿಕ್ಕಿತು. ಓರೆ ಬಿಸಿಲು ಬಿದ್ದಾಗ ಮಾತ್ರ ಕಾಣುತ್ತವೆ, ಮಧ್ಯಾಹ್ನ ಕಳೆದ ಮೇಲೆ ಇಲ್ಲಿಗೆ ಬರಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಆಗಲೂ ಎಲ್ಲಿ ನೋಡಬೇಕೆಂದು ಗೊತ್ತಿರುವವರು ಬೆರಳು ತೋರಿಸಬೇಕು.

ಹೆರೊಡೊಟಸ್ ಹೇಳುವ ಒಂದು ಪ್ರಸಂಗ ಹಳೆಯ ದೇಗುಲದ್ದು. ಪರ್ಷಿಯನ್ನರಿಗೆ ಬೇಕಾಗಿದ್ದ ಒಬ್ಬ ಓಡಿಬಂದು ಕಿಮೆ ಎಂಬ ಊರಿನಲ್ಲಿ ಆಶ್ರಯ ಬೇಡಿದ. ಊರಿನವರು ಇಲ್ಲಿ ಬಂದು ಕಣಿ ಕೇಳಿದರೆ, ಅವನನ್ನು ಒಪ್ಪಿಸಿಬಿಡಿ ಎಂಬ ಉತ್ತರ ಬಂತು. ಅರಿಸ್ಟೊಡಿಕಸ್ ಎಂಬವನಿಗೆ ಇದು ಸರಿಬೀಳಲಿಲ್ಲ. ಅವನು ದೇಗುಲವನ್ನು ಸುತ್ತುತ್ತ ಗುಬ್ಬಿಗಳ ಗೂಡುಗಳನ್ನೆಲ್ಲ ಕಿತ್ತು ಹಾಕತೊಡಗಿದ. ಒಳಗಿನಿಂದ ದನಿ ಬಂತು: ನನ್ನನ್ನು ನಂಬಿ ಬಂದವರನ್ನು ಹೊರಗಟ್ಟುತ್ತೀಯಾ? ಅವನು ತಿರುಗಿ ಕೇಳಿದ: ನಿನ್ನನ್ನು ನಂಬಿದವರನ್ನು ನೀನು ಕಾಯುತ್ತೀಯೆ, ನಮ್ಮನ್ನು ನಂಬಿದವನನ್ನು ನಾವು ಒಪ್ಪಿಸಬೇಕೆ? ದೇವರು ಕೊಟ್ಟ ಉತ್ತರ ಇನ್ನೂ ಖಾರವಾಗಿದೆ, ಅದನ್ನು ನಿಮ್ಮ ಮಾರ್ಗದರ್ಶಿಗೇ ಬಿಡುತ್ತೇನೆ.

ನಾಲ್ಕು ಗಂಟೆಯ ಹೊತ್ತಿಗೆ ದೇಗುಲ ಮುಗಿದಿರುತ್ತದೆ. ಅಲ್ಲಿಂದ ನಾಲ್ಕೈದು ಕಿಲೋಮೀಟರಿನಲ್ಲಿ ಆಲ್ತಿನ್‌ಕುಮ್ ಇದೆ, ಹೊನ್ನಮರಳು ಎಂದೇ ಅದರ ಅರ್ಥ. ಬೇಸಿಗೆಯ ಗದ್ದಲದ ಕಡಲತೀರ, ಆಳವಿಲ್ಲದ ನೀರು, ಮಕ್ಕಳಿಗೆ ಹೇಳಿ ಮಾಡಿಸಿದ್ದು. ಸೆಪ್ಟೆಂಬರ್ ಕೊನೆಯಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ. ಸಾಮಾನ್ಯ ಪ್ರವಾಸ ಪಟ್ಟಿಯಲ್ಲಿ ಇದು ಇರುವುದಿಲ್ಲ, ಬುಕ್ ಮಾಡುವಾಗಲೇ ಒಂದು ಗಂಟೆ ಸೇರಿಸಲು ಹೇಳಿ. ಕುಶಾದಾಸಿಗೆ ಹಿಂದಿರುಗಲು ಒಂದೂವರೆ ಗಂಟೆ ಬೇಕು. ಮಗಳಿಗೆ ಒಂದು ಜೊತೆ ಬಟ್ಟೆ, ಒಂದು ಟವೆಲ್ಲು ಬ್ಯಾಗಿನಲ್ಲಿರಲಿ, ಮತ್ತು ವ್ಯಾನಿಗೆ ಹತ್ತುವ ಮುನ್ನ ಕಾಲಿನ ಮರಳು ತೊಳೆಸಿ.